ಅಮರಗೋಳದ ಪ್ಲಗ್ಗು

ಮೊದಮೊದಲ ಎಲೆಕ್ಟ್ರಿಕ್ ಕಾರುಗಳು ಸೋತದ್ದೇಕೆ ಎಂದು ಧಾರವಾಡದಲ್ಲೊಂದು ಚರ್ಚೆ ನಡೆದಿತ್ತು. ಅವುಗಳ ವಿನ್ಯಾಸವೇ ತಪ್ಪು, ಬ್ಯಾಟರಿ ಅರ್ಧ ದಾರಿಯಲ್ಲೇ ಕೈಕೊಡುತ್ತಿತ್ತು ಎಂದರು ಭಾಷಣಕಾರರು. ಅಂಥದೇ ಪುಟ್ಟ ಕಾರನ್ನು ಏಳು ವರ್ಷ ಓಡಿಸಿದ ನನಗೆ ಮೈ ಉರಿಯಿತು. ಎದ್ದು ನಿಂತು, "ಹುಬ್ಬಳ್ಳಿಯಿಂದ ಧಾರವಾಡಕ್ಕ ದಿನಾ ಓಡಾಡೇನ್ರಿ. ನನ್ನ ಗಾಡಿ ಒಂದ ದಿನಾನೂ ದಾರ್ಯಾಗ ನಿಂತಿಲ್ಲ!" ಎಂದು ಗುಡುಗಿದೆ. ಚಪ್ಪಾಳೆ ಬಿತ್ತು.

ದಾರಿಯಲ್ಲಿ ನಿಲ್ಲಲಿಲ್ಲ, ನಿಜ. ನಡುವೆ ಅಮರಗೋಳದಲ್ಲಿ, ನನ್ನ ಮಾವನ ಮನೆಯಲ್ಲಿ ನಿಲ್ಲುತ್ತಿತ್ತು. ದಿನಾ ಸಂಜೆ ಅವರ ಪಡಸಾಲೆಯ ಪ್ಲಗ್ಗಿಗೆ ವೈರು ಸಿಕ್ಕಿಸಿ, ಅತ್ತೆ ಕೊಟ್ಟ ಚೂಡಾ ತಿನ್ನುತ್ತ, ಅವರ ಮೊಣಕಾಲು ನೋವಿನ ಕಥೆಗೆ ಹೂಂಗುಟ್ಟುತ್ತ ಎರಡು ತಾಸು ಕೂರುತ್ತಿದ್ದೆ. ಕಣ್ಣು ಮಾತ್ರ ಚಾರ್ಜರಿನ ದೀಪದ ಮೇಲೆ. ಅದು ಹಸಿರಾದದ್ದೇ ತಡ, ಚಪ್ಪಲಿ ಮೆಟ್ಟುತ್ತಿದ್ದೆ. "ಇಂಥಾ ಅಳಿಯಾ ಯಾರಿಗೆ ಸಿಗ್ತಾರ?" ಎಂದು ಅತ್ತೆ ಓಣಿಯ ತುಂಬ ಹೇಳಿಕೊಂಡು ಬಂದರು. ನಾನು ತಿದ್ದಲು ಹೋಗಲಿಲ್ಲ.

ಈಗ ನನ್ನದು ಹೊಸ ಎಲೆಕ್ಟ್ರಿಕ್ ಕಾರು. ನಮ್ಮ ಮನೆಯಲ್ಲೇ ಒಮ್ಮೆ ಚಾರ್ಜು ಮಾಡಿದರೆ ವಾರವಿಡೀ ಓಡುತ್ತದೆ. ವಿನ್ಯಾಸದಲ್ಲಿ ಹುಡುಕಿದರೂ ದೋಷ ಸಿಗದು. ಅದನ್ನು ಕೊಂಡ ತಿಂಗಳಿಗೆ ಅತ್ತೆ ಫೋನು ಮಾಡಿ, ಮೆಲ್ಲಗೆ ಕೇಳಿದರು: "ನಮ್ಮಿಂದ ಏನರ ತಪ್ಪಾತೇನ್ರಿ?"