ಸದಾನಂದಣ್ಣನ ಎರಡು ಬೆರಳು ಪ್ಲೇ

ಹಳೆಯ ರಬ್ಬರು ಅಂಟಂಟಾದಾಗ ಬರುವ ವಾಸನೆ ನಿಮಗೂ ಗೊತ್ತಿರಬಹುದು. ಮಳೆಗಾಲದಲ್ಲಿ ನಾಲ್ಕು ದಿನ ಒಣಗದೆ ಉಳಿದ ಚಪ್ಪಲಿಯ ವಾಸನೆಗೆ ಅದು ಹತ್ತಿರದ ಸಂಬಂಧಿ. ಹೋದ ಭಾನುವಾರ ಕಾಪುವಿನ ನಮ್ಮ ಮನೆಯಲ್ಲಿ ಮಗಳು ನಿಧಿ ಅಟ್ಟದಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿದಳು. ಅದರೊಳಗಿಂದ ಕಂಪ್ಯೂಟರ್ ಆಟದ ಎರಡು ಗೇಮ್‌ಪ್ಯಾಡ್ ತೆಗೆದು ನನ್ನ ಮಡಿಲಿಗೆ ಹಾಕಿದಾಗ ಆ ವಾಸನೆ ಮೂಗಿಗೆ ಬಡಿಯಿತು. ಇಂಥವು ಒಂದು ಕಾಲಕ್ಕೆ ನನ್ನ ಬಳಿ ಎಂಟು ಇದ್ದವು, ನನ್ನ ಅನ್ನ ಅವುಗಳಿಂದಲೇ ಹುಟ್ಟುತ್ತಿತ್ತು ಎಂದರೆ ಅವಳು ನಂಬಲಿಲ್ಲ.

ನಂಬಿಸಲು ಆಡಿಯೇ ತೋರಿಸಬೇಕಾಯಿತು. ಅವಳ ಕಂಪ್ಯೂಟರಿಗೆ ಚುಚ್ಚಿದರೆ, ಆಶ್ಚರ್ಯ, ಎರಡಕ್ಕೂ ಇನ್ನೂ ಜೀವವಿತ್ತು. ಕಾರಿನ ರೇಸು ಹಾಕಿದಳು. ಒಂದಾದ ಮೇಲೊಂದು ಮೂರು ಸಲ ನಾನೇ ಗೆದ್ದೆ. ನನ್ನ ವಯಸ್ಸಿನ ಗಂಡಸಿಗೆ ಉಬ್ಬಿಹೋಗಲು ಇಷ್ಟು ಸಾಕು. ಅಡುಗೆಮನೆಗೆ ಹೋಗಿ ಬಂಗುಡೆ ಮೀನು ಕೊಯ್ಯುತ್ತಿದ್ದ ಹೆಂಡತಿಗೆ ವರದಿ ಒಪ್ಪಿಸಿದೆ. ಅವಳು ತಲೆ ಎತ್ತದೆ, ಬಿಡುವಾಗಿದ್ದರೆ ಒಂದು ತೆಂಗಿನಕಾಯಿ ತುರಿದುಕೊಡಿ ಎಂದಳು. ನಾನು ಕೇಳಿಸದವನಂತೆ ಹಿಂದಿರುಗಿದೆ.

ನಾಲ್ಕನೆಯ ರೇಸಿಗೆ ಮೊದಲು, ಹಳೆಯ ಚಾಳಿ ಬಿಡದೆ, ಸೆಟ್ಟಿಂಗ್ಸ್ ಪುಟ ತೆರೆದೆ. ನನ್ನ ಹೆಸರಿನ ಕೆಳಗೆ ಸ್ಟಿಯರಿಂಗ್ ಸಹಾಯ ಎಂಬಲ್ಲಿ ಹಸಿರು ಗುರುತು ಬಿದ್ದಿತ್ತು. ತಿರುವಿನಲ್ಲಿ ಆಟವೇ ಕಾರನ್ನು ಮೆಲ್ಲಗೆ ತಿರುಗಿಸಿಕೊಡುವ ಏರ್ಪಾಡು ಅದು. ನಾನು ಮಗಳ ಕಡೆ ನೋಡಿದೆ. ಅವಳು ಕಿಟಕಿಯ ಕಡೆ ನೋಡಿದಳು.

ಸಿಟ್ಟು ಬರಬೇಕಿತ್ತು. ಬಂದದ್ದು ಸದಾನಂದಣ್ಣನ ನೆನಪು.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಮಣಿಪಾಲದ ಟೈಗರ್ ಸರ್ಕಲಿನಿಂದ ಸ್ವಲ್ಪ ಕೆಳಗೆ ನಾನೂ ಅಶ್ರಫನೂ ಸೇರಿ ಕಂಪ್ಯೂಟರ್ ಆಟದ ಅಂಗಡಿ ಇಟ್ಟಿದ್ದೆವು. ಅಶ್ರಫ್ ನನ್ನ ಕಾಲೇಜಿನ ಗೆಳೆಯ, ಕಾಪುವಿನವನು. ಅವನ ಅಣ್ಣ ದುಬೈಯಿಂದ ರಜೆಗೆ ಬರುವಾಗ, ಎಲ್ಲರ ಅಣ್ಣಂದಿರೂ ತರುವ ಸೆಂಟು, ಮುಲಾಮು, ಹಾಲಿನ ಪುಡಿಯ ನಡುವೆ ನಮಗಾಗಿ ಗೇಮ್‌ಪ್ಯಾಡ್ ತುರುಕಿಕೊಂಡು ಬರುತ್ತಿದ್ದ. ಆರು ಕಂಪ್ಯೂಟರು, ಎಂಟು ಗೇಮ್‌ಪ್ಯಾಡು, ಎಲ್ಲರಿಗೂ ಸೇರಿ ಒಂದು ಫ್ಯಾನು. ಗಿರಾಕಿಗಳೆಲ್ಲ ಕಾಲೇಜು ಹುಡುಗರು. ವಾರದ ಉತ್ತಮ ಓಟಗಾರರ ಹೆಸರನ್ನು ಗೋಡೆಯ ಕರಿಹಲಗೆಯಲ್ಲಿ ಬರೆಯುತ್ತಿದ್ದೆವು. ಸೋತವನು ಮೊದಲು ಬೈಯುತ್ತಿದ್ದದ್ದು ಗೇಮ್‌ಪ್ಯಾಡನ್ನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ದಿನಕ್ಕೆ ಹತ್ತು ಸಲ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಬಾಯಿಬಿಟ್ಟು ಹೇಳುವಂತಿರಲಿಲ್ಲ, ಗಿರಾಕಿಗಳು ನೋಡಿ. ನಮ್ಮ ನೆಲ ನಿಜಕ್ಕೂ ಸ್ವಲ್ಪ ಡೊಂಕೇ ಎಂದು ಕಂಡುಹಿಡಿದವರು ಸದಾನಂದಣ್ಣ.

ಅವರು ಕಾರ್ಕಳ–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರ್. ನಮ್ಮ ಕಡೆಯ ಎಕ್ಸ್‌ಪ್ರೆಸ್ ಬಸ್ಸುಗಳನ್ನು ಕಾಣದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಹತ್ತಿದ ಮೇಲೆ ಟಿಕೇಟು ತೆಗೆದುಕೊಳ್ಳುತ್ತೇವೆ, ಹಿರಿಯಡ್ಕದ ತಿರುವುಗಳಲ್ಲಿ ಮನೆದೇವರಿಗೆ ಹರಕೆ ಹೇಳಿಕೊಳ್ಳುತ್ತೇವೆ, ಇಳಿದ ಮೇಲೆ ಎರಡನ್ನೂ ಮರೆಯುತ್ತೇವೆ. ಸದಾನಂದಣ್ಣನ ಬಸ್ಸಿನಲ್ಲಿ ಮಾತ್ರ ಜನ ನಿದ್ದೆ ಮಾಡುತ್ತಿದ್ದರು. ಟೈಮಿಗೆ ಸರಿಯಾಗಿ ಮುಟ್ಟಿಸುತ್ತಿದ್ದರು, ಆದರೆ ಯಾರ ತಲೆಯೂ ಕಿಟಕಿಗೆ ಬಡಿಯುತ್ತಿರಲಿಲ್ಲ. ಅದೇ ಅವರ ಹೆಮ್ಮೆ. ಒಂದು ದಿನ ಬೈಲೂರಿನ ಹತ್ತಿರ ಟಯರು ಬದಲಿಸುವಾಗ ಜಾಕಿನ ಸರಳು ಜಾರಿ ಎಡಗೈ ಹೆಬ್ಬೆರಳಿನ ಬುಡ ಮುರಿಯಿತು. ಮೂಳೆಯೇನೋ ಕೂಡಿತು, ಬೆರಳು ಬಾಗಲಿಲ್ಲ. ಗೇರು ಹಾಕುವ ಕೈ ಅದು. ದೊಡ್ಡ ತಿರುವಿನಲ್ಲಿ ಸ್ಟಿಯರಿಂಗನ್ನು ಸುತ್ತಿ ಎಳೆಯುವುದಕ್ಕೂ ಅದು ಬೇಕು. ಬೆರಳು ಬಾಗಿದರೆ ಬಸ್ಸುಂಟು, ಇಲ್ಲದಿದ್ದರೆ ಇಲ್ಲ.

ವಾರಕ್ಕೆ ಎರಡು ಬೆಳಿಗ್ಗೆ ಮಣಿಪಾಲದ ಆಸ್ಪತ್ರೆಯಲ್ಲಿ ಅವರ ಬೆರಳಿಗೆ ವ್ಯಾಯಾಮ. ಅದು ಮುಗಿಸಿ ವಾಪಸು ಹೋಗುವಾಗ ಒಮ್ಮೆ ಮಳೆಗೆ ನಮ್ಮ ಜಗಲಿಯಲ್ಲಿ ನಿಂತರು. ಒಳಗೆ ಪರದೆಯ ಮೇಲೆ ಕಾರುಗಳು ಓಡುವುದನ್ನು ಕಂಡು ಕುರ್ಚಿ ಎಳೆದುಕೊಂಡರು. ಆಮೇಲೆ ಅದೇ ರೂಢಿಯಾಯಿತು. ನಮ್ಮಪ್ಪ ಹಾವೇರಿ ಕಡೆಯಿಂದ ಕೆಲಸಕ್ಕೆ ಬಂದವರು, ನನ್ನ ತುಳು ಇವತ್ತಿಗೂ ಕುಂಟುತ್ತದೆ. ಸದಾನಂದಣ್ಣ ಎರಡು ಮಾತು ಅದನ್ನು ಸಹಿಸಿ, ಮೂರನೆಯ ಮಾತಿನಿಂದ ಕನ್ನಡದಲ್ಲೇ ಮಾತಾಡತೊಡಗಿದರು.

ಮೊದಲ ದಿನ ಅವರು ಗೇಮ್‌ಪ್ಯಾಡನ್ನು ಬೆಕ್ಕಿನ ಮರಿ ಹಿಡಿದ ಹಾಗೆ ಹಿಡಿದಿದ್ದರು. ಎಡಬದಿಯಲ್ಲಿ ಅಣಬೆಯಂಥ ಒಂದು ಗಿಡ್ಡ ಕಡ್ಡಿ ಇರುತ್ತದಲ್ಲ, ಹೆಬ್ಬೆರಳಲ್ಲಿ ತಳ್ಳಿದರೆ ಕಾರು ತಿರುಗುವಂಥದ್ದು, ಅದನ್ನು ನಾಲ್ಕು ಸಲ ಆಚೀಚೆ ಮಾಡಿ ಹೇಳಿದರು:

“ಇದರಲ್ಲಿ ಪ್ಲೇ ಇಲ್ಲ ಮಾರಾಯ. ಸ್ಟಿಯರಿಂಗ್ ಅಂದ್ರೆ ಎರಡು ಬೆರಳು ಪ್ಲೇ ಬೇಕು.”

ಬಸ್ಸಿನ ಸ್ಟಿಯರಿಂಗನ್ನು ಎರಡು ಬೆರಳಿನ ಅಗಲದಷ್ಟು ತಿರುಗಿಸಿದರೂ ಚಕ್ರ ಅಲುಗುವುದಿಲ್ಲವಂತೆ, ಅದಾದ ಮೇಲೆ ತಿರುಗಲು ಶುರುವಂತೆ. ಆ ಖಾಲಿ ಜಾಗಕ್ಕೆ ಡ್ರೈವರುಗಳು ಪ್ಲೇ ಎನ್ನುತ್ತಾರೆ. ನಮ್ಮ ಆಟದ ಸೆಟ್ಟಿಂಗ್ಸಿನಲ್ಲಿ ಅದಕ್ಕೆ ಡೆಡ್ ಝೋನ್ ಎಂಬ ಭಯಂಕರ ಹೆಸರಿತ್ತು. ಹುಡುಗರೆಲ್ಲ ಬಂದ ಕೂಡಲೇ ಅದನ್ನು ಸೊನ್ನೆಗೆ ಇಳಿಸಿ, ಪಕ್ಕದ ಸೆನ್ಸಿಟಿವಿಟಿಯನ್ನು ತುದಿಗೆ ಏರಿಸಿಬಿಡುತ್ತಿದ್ದರು. ಮುಟ್ಟಿದರೆ ಸಾಕು ಕಾರು ತಿರುಗಬೇಕು ಎಂಬ ಆಸೆ. ಪರಿಣಾಮವಾಗಿ ನೆಟ್ಟಗಿನ ರಸ್ತೆಯಲ್ಲೂ ಕಾರು ಕುಡಿದವನ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೋಗುತ್ತಿತ್ತು. ಇನ್ನು ಕಡ್ಡಿಗಳೋ, ದಿನವಿಡೀ ತಿಕ್ಕಿಸಿಕೊಂಡು ಸವೆದು, ಬಿಟ್ಟರೆ ನಡುವಿಗೆ ಸರಿಯಾಗಿ ಮರಳುತ್ತಿರಲಿಲ್ಲ. ಯಾರೂ ಮುಟ್ಟದಿದ್ದರೂ ಕಾರು ಎಡಕ್ಕೆ ಎಳೆಯುತ್ತಿತ್ತು. ನೆಲ ಡೊಂಕು ಎಂದದ್ದು ಇದಕ್ಕೆ.

ಸದಾನಂದಣ್ಣ ಎರಡು ವಾರ ಕೂತು, ಬಡಗಿ ಬಾಗಿಲು ಕೂರಿಸುವ ತಾಳ್ಮೆಯಲ್ಲಿ, ಒಂದೊಂದೇ ಗೆರೆ ಸರಿಸಿ ಓಡಿಸಿ ನೋಡಿದರು. ಕೊನೆಗೆ ಡೆಡ್ ಝೋನ್ ಹದಿನೈದು, ಸೆನ್ಸಿಟಿವಿಟಿ ನಲವತ್ತು ಎಂದು ನಿಂತಿತು. ಅವರ ಕಾರು ರಸ್ತೆಯ ಮೇಲೆ ಹಾಸಿಗೆಯ ಮೇಲೆ ಹೋದಂತೆ ಹೋಗುತ್ತಿತ್ತು. ಹುಡುಗರು ಮೊದಲು ನಕ್ಕರು. ಆಮೇಲೆ ಒಬ್ಬೊಬ್ಬರೇ, ಅವರಿಲ್ಲದಾಗ, ಅದೇ ಅಂಕಿ ಹಾಕಿಕೊಂಡು ತಮ್ಮ ದಾಖಲೆ ಮುರಿದರು.

ಆದರೆ ಅವರು ಮಾತ್ರ ಗೆಲ್ಲುತ್ತಿರಲಿಲ್ಲ. ಕಡಿದಾದ ತಿರುವಿನಲ್ಲಿ ಕಡ್ಡಿಯನ್ನು ಪೂರ್ತಿ ತಳ್ಳಬೇಕು, ಅವರ ಬೆರಳು ಅರ್ಧಕ್ಕೇ ನಿಲ್ಲುತ್ತಿತ್ತು. ಕಾರು ಹೋಗಿ ಗೋಡೆಗೆ ಕೆನ್ನೆ ಒರೆಸುತ್ತಿತ್ತು. ಅವರು ಮೇಜಿನ ಕೆಳಗೆ ಬಲಗೈಯಿಂದ ಆ ಬೆರಳನ್ನು ಉಜ್ಜಿಕೊಳ್ಳುತ್ತಿದ್ದರು, ಅಷ್ಟೆ. ಅದನ್ನು ನಾನು ನೋಡಬಾರದಿತ್ತು. ನೋಡಿದೆ.

ನೋಡಿದವನು ಸುಮ್ಮನಿರುತ್ತಾನೆಯೇ? ಒಂದು ಬೆಳಿಗ್ಗೆ ಅವರು ಬರುವ ಮೊದಲೇ, ಅವರ ಹೆಸರಿನ ಸೆಟ್ಟಿಂಗ್ಸಿನಲ್ಲಿ ಸೆನ್ಸಿಟಿವಿಟಿಯ ನಲವತ್ತನ್ನು ನಲವತ್ತೈದು ಮಾಡಿದೆ. ಬೆರಳು ಅಷ್ಟೇ ತಳ್ಳಿದರೂ ಕಾರು ಸ್ವಲ್ಪ ಹೆಚ್ಚು ತಿರುಗುತ್ತದೆ. ಮುಂದಿನ ಸಲ ಐವತ್ತು. ಅಶ್ರಫ್ ಕಂಡು, ಹೇಳಿ ಮಾಡು, ಹೇಳದೆ ಮಾಡಬೇಡ ಎಂದ. ಉಪಕಾರ ಮಾಡುವವನು ಡಂಗುರ ಹೊಡೆಯಬಾರದು ಎಂದು ನಾನು ದೊಡ್ಡ ಮನುಷ್ಯನಂತೆ ಉತ್ತರ ಕೊಟ್ಟೆ. ನಿಜ ಹೇಳಬೇಕೆಂದರೆ, ಒಬ್ಬರ ಮುಖದಲ್ಲಿ ನನ್ನಿಂದಾಗಿ ಬೆಳಕು ಬರುವುದು ನನಗೆ ತುಂಬ ಹಿಡಿಸಿತ್ತು. ಅವರು ಆರನೆಯ ಸ್ಥಾನದಿಂದ ನಾಲ್ಕಕ್ಕೆ ಬಂದರು, ನಾಲ್ಕರಿಂದ ಎರಡಕ್ಕೆ. ಅಂಕಿ ಎಂಬತ್ತೈದು ಮುಟ್ಟಿದ ದಿನ ಇಬ್ಬರು ಹುಡುಗರನ್ನು ಹಿಂದೆ ಹಾಕಿ ಮೊದಲನೆಯವರಾದರು. ಕರಿಹಲಗೆಯಲ್ಲಿ ಅವರ ಹೆಸರನ್ನು ನಾನೇ ಬರೆದೆ. ಪಕ್ಕದ ಹೋಟೆಲಿನಿಂದ ಎಲ್ಲರಿಗೂ ಗೋಳಿಬಜೆ ತರಿಸಿದರು. “ಕೈಯ ಬಿಗಿ ಬಿಟ್ಟಿತು ಮಾರಾಯ” ಎಂದು ಬೆರಳನ್ನು ನನ್ನೆದುರು ಆಡಿಸಿ ತೋರಿಸಿದರು. ನಾನು ಹೌದೆಂದು ತಲೆಯಾಡಿಸಿ ನಾಲ್ಕು ಗೋಳಿಬಜೆ ತಿಂದೆ.

ಮುಂದಿನ ಎರಡು ವಾರ ಅವರು ಬರಲಿಲ್ಲ. ಬಂದಾಗ, ಬೇರೆ ಯಾರದೋ ಕಥೆ ಹೇಳುವಂತೆ ನಡೆದದ್ದನ್ನು ಹೇಳಿದರು. ಬಸ್ಸಿನ ಧಣಿಯ ಬಳಿ ಹೋಗಿ, ಕೈ ಸರಿಯಾಗಿದೆ ಎಂದರಂತೆ. ಅವರ ಮಾತಿನ ಮೇಲೆ ಧಣಿಗೆ ನಂಬಿಕೆ. ಮೊದಲು ಖಾಲಿ ಬಸ್ಸನ್ನು ಶೆಡ್ಡಿನಿಂದ ಸ್ಟ್ಯಾಂಡಿಗೆ ತಾ ಎಂದರಂತೆ. ಸ್ಟ್ಯಾಂಡಿನ ಬಾಯಲ್ಲಿ ತಿರುಗಿಸುವಾಗ ಎಡಗೈ ಕೈಕೊಟ್ಟಿತು. ಬಸ್ಸಿನ ಮೂತಿ ಕಾಂಪೌಂಡಿಗೆ ಉಜ್ಜಿ ಒಂದು ದೀಪ ಒಡೆಯಿತು. ನೋಡುತ್ತಿದ್ದ ಡ್ರೈವರುಗಳಲ್ಲಿ ಯಾರೂ ನಗಲಿಲ್ಲವಂತೆ. ನಕ್ಕಿದ್ದರೆ ಒಳ್ಳೆಯದಿತ್ತು ಎಂದರು. ಇನ್ನು ಸ್ಟ್ಯಾಂಡಿನಲ್ಲಿ ಬಸ್ಸುಗಳ ಹೊತ್ತು ಬರೆಯುವ ಟೈಮ್‌ಕೀಪರ್ ಆಗಿ ಕೂತುಕೋ ಎಂದು ಧಣಿ ಹೇಳಿದ್ದರು.

ಆಟಕ್ಕೆ ಕೂತವರು, ಬೆರಳಿಗೆ ಇನ್ನಷ್ಟು ಕಷ್ಟ ಕೊಡಬೇಕೆಂದು ತಾವೇ ಸೆಟ್ಟಿಂಗ್ಸ್ ಪುಟ ತೆರೆದರು. ಎಂಬತ್ತೈದು. ಅದನ್ನು ನೋಡುತ್ತ ಕೂತರು. ಹೊರಗೆ ಬಸ್ಸಿನ ಕಂಡಕ್ಟರನೊಬ್ಬ ಉಡುಪಿ ಉಡುಪಿ ಎಂದು ಕೂಗುತ್ತಿದ್ದದ್ದು ನನಗೆ ಇನ್ನೂ ಕೇಳಿಸುತ್ತದೆ.

“ನೀನಾ ಮುಟ್ಟಿದ್ದು?”

ಹೌದೆಂದೆ. ನೀವು ಗೆಲ್ಲಬೇಕು ಅಂತ, ಎಂದು ಇನ್ನೇನೋ ಸೇರಿಸಲು ಹೋದೆ.

“ಗಾಡಿ ಕೈ ಬದಲಾಗುವಾಗ ಡ್ರೈವರ್ ಎಂತ ಹೇಳ್ತಾನೆ ಗೊತ್ತುಂಟಾ ನಿನಗೆ? ಬ್ರೇಕ್ ಸ್ವಲ್ಪ ತಡ ಹಿಡೀತದೆ, ಎಡಕ್ಕೆ ಎಳೀತದೆ, ಸ್ಟಿಯರಿಂಗಲ್ಲಿ ಎರಡು ಬೆರಳು ಪ್ಲೇ ಉಂಟು. ಇದೆಲ್ಲ ಹೇಳಿ ಆಮೇಲೆ ಕೀ ಕೊಡುದು. ಮಾತು ಬಿಟ್ಟವರು ಕೂಡ ಅಷ್ಟು ಹೇಳ್ತಾರೆ. ನೀನು ನನಗೆ ಕೀ ಮಾತ್ರ ಕೊಟ್ಟೆ.”

ಬಸ್ಸಲ್ಲಿ ಜನ ಇರಲಿಲ್ಲ, ಅದು ನಮ್ಮಿಬ್ಬರ ಪುಣ್ಯ ಎಂದರು. ನಮ್ಮಿಬ್ಬರ ಎಂದದ್ದು ನನ್ನನ್ನು ಹೆಚ್ಚು ಚುಚ್ಚಿತು. ನನಗೆ ನಾಚಿಕೆಯಾಯಿತು, ಭಯವೂ ಆಯಿತು. ನಾನು ಅವರ ಬೆರಳನ್ನು ಗುಣಪಡಿಸಿರಲಿಲ್ಲ, ಅದರ ನಿಜವನ್ನು ಅವರಿಂದ ಕದ್ದಿದ್ದೆ. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ. ಅವರು ಬೈಯಲಿಲ್ಲ. ಅಂಕಿಯನ್ನು ನಲವತ್ತಕ್ಕೆ ಇಳಿಸಿ ಆಡಿದರು, ಆರನೆಯವರಾದರು, ಬಸ್ಸು ಹಿಡಿಯಲು ಎದ್ದರು. ಹೋಗುವಾಗ ಕರಿಹಲಗೆಯ ಮೇಲಿನ ತಮ್ಮ ಹೆಸರನ್ನು ಅಂಗೈಯಿಂದ ಒರೆಸಿದರು.

ಮತ್ತೆ ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಬಂದರು. ಆ ಮಳೆಗಾಲ ಪೂರ್ತಿ, ವಾರಕ್ಕೆ ಎರಡು ಸಲ, ನಲವತ್ತರಲ್ಲೇ ಆಡಿದರು. ಕೂರುವ ಮೊದಲು ನಾನು ಪುಟ ತೆರೆದು ಅಂಕಿ ತೋರಿಸಬೇಕು, ಕಡ್ಡಿ ಎಷ್ಟು ಸವೆದಿದೆ ಎಂದು ಹೇಳಬೇಕು, ಆಮೇಲೆ ಅವರ ಕೈಗೆ ಕೊಡಬೇಕು. ಇದು ನಮ್ಮ ಒಪ್ಪಂದ. ಐದನೆಯವರಾದರು, ಮತ್ತೆ ಆರಕ್ಕೆ ಇಳಿದರು, ದೀಪಾವಳಿಯ ಹೊತ್ತಿಗೆ ಮೂರಕ್ಕೆ ಬಂದು ನಿಂತರು. ಅಲ್ಲಿಂದ ಮೇಲೆ ಬೆರಳು ಹೋಗಲಿಲ್ಲ.

ಆಗ ಒಂದು ದಿನ, ಕಾರ್ಕಳಕ್ಕೆ ಬಾ, ಧಣಿಯ ಮನೆಗೆ ಹೋಗಲಿಕ್ಕುಂಟು ಎಂದರು. ದೀಪ ಒಡೆದದ್ದಕ್ಕೆ ನನ್ನನ್ನು ಸಾಕ್ಷಿ ನಿಲ್ಲಿಸುತ್ತಾರೆಂದು ಹೆದರಿಕೊಂಡೇ ಹೋದೆ. ನನ್ನ ಹೆಸರನ್ನೇ ಅವರು ಎತ್ತಲಿಲ್ಲ. ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಧಣಿಯ ಎದುರು ಎಡಗೈ ಚಾಚಿ ನಿಂತು ಹೇಳಿದರು:

“ಈ ಬೆರಳು ಮುಕ್ಕಾಲು ತಿರುಗ್ತದೆ ಧಣಿ. ಇನ್ನು ಹೆಚ್ಚು ಬರ್ಲಿಕ್ಕಿಲ್ಲ. ಗೇರ್ ಹಾಕ್ಲಿಕ್ಕೆ ಆಗ್ತದೆ, ಎಕ್ಸ್‌ಪ್ರೆಸ್ಸಿನ ಟೈಮಿಗೆ ಆಗುದಿಲ್ಲ. ಹಿಂದಿನ ಸಲ ನನಗೇ ಗೊತ್ತಿರ್ಲಿಲ್ಲ, ಈಗ ಗೊತ್ತುಂಟು. ಇದಕ್ಕೆ ಆಗುವ ಗಾಡಿ ಇದ್ರೆ ಕೊಡಿ.”

ಹಳೆಯ ಬಸ್ಸೊಂದನ್ನು ಇನ್ನೊಬ್ಬ ಡ್ರೈವರಿಗೆ ಒಪ್ಪಿಸುವ ಧಾಟಿಯಲ್ಲೇ ತಮ್ಮನ್ನು ಒಪ್ಪಿಸುತ್ತಿದ್ದರು. ಧಣಿ ಪೇಪರ್ ಮಡಚಿದರು. ಬೆರಳನ್ನು ಹಿಡಿದು, ಬಾಗಿಸಿ, ಬಿಟ್ಟರು. ಒಳಗೆ ಹೋದವರು ಬರುವುದು ತುಂಬ ತಡವಾಯಿತು. ಹಿಂದಿರುಗಿದಾಗ ಕೈಯಲ್ಲಿ ಕೀ ಇತ್ತು, ಊರೂರಿಗೆ ನಿಲ್ಲಿಸಿ ಹೋಗುವ ಸಣ್ಣ ಸರ್ವಿಸ್ ಬಸ್ಸಿನದು. ಅದನ್ನು ಕೂಡಲೇ ಕೊಡಲಿಲ್ಲ.

“ಸ್ಟಿಯರಿಂಗ್ ಹಗುರ ಉಂಟು ಸದಾನಂದ. ಸೆಕೆಂಡ್ ಗೇರ್ ಸ್ವಲ್ಪ ಬಿಗಿ.”

ಆಮೇಲೆ ಕೊಟ್ಟರು. ಸದಾನಂದಣ್ಣ ಅದನ್ನು ಎಡಗೈಯಲ್ಲೇ ತೆಗೆದುಕೊಂಡರು.

ನಿವೃತ್ತರಾಗುವವರೆಗೂ ಅವರು ಆ ಬಸ್ಸನ್ನೇ ಓಡಿಸಿದರು. ನಾನೂ ಹಲವು ಸಲ ಹತ್ತಿದ್ದೇನೆ, ಪರ್ಕಳ ದಾಟುವ ಮೊದಲೇ ನಿದ್ದೆ ಹೋಗಿದ್ದೇನೆ. ಹುಡುಗರ ಕೋಣೆಗಳಿಗೇ ಕಂಪ್ಯೂಟರುಗಳು ಬಂದ ಮೇಲೆ ನಮ್ಮ ಅಂಗಡಿ ಮುಚ್ಚಿತು. ಗೇಮ್‌ಪ್ಯಾಡುಗಳನ್ನು ನಾನೂ ಅಶ್ರಫನೂ ಪಾಲು ಮಾಡಿಕೊಂಡೆವು, ಅದರಲ್ಲಿ ಉಳಿದದ್ದು ಈ ಎರಡು.

ಇದನ್ನೆಲ್ಲ ಮಗಳಿಗೆ ಹೇಳಿದೆ, ತೆಂಗಿನಕಾಯಿ ತುರಿಯುತ್ತ. ಅವಳು ಮುಗಿದ ಮೇಲೆ ಎದ್ದುಹೋಗಿ ಆ ಹಸಿರು ಗುರುತನ್ನು ಅಳಿಸಿದಳು. ಗೇಮ್‌ಪ್ಯಾಡನ್ನು ಕೈಯಲ್ಲೇ ಇಟ್ಟುಕೊಂಡು ನನ್ನೆದುರು ಕೂತಳು.

“ಅಪ್ಪ, ಇದರ ಕಡ್ಡಿ ನಡುವಿಗೆ ಸರಿಯಾಗಿ ಬರುದಿಲ್ಲ. ಕಾರು ಸ್ವಲ್ಪ ಎಡಕ್ಕೆ ಎಳೀತದೆ.” ಕಡ್ಡಿಯನ್ನು ಆಚೀಚೆ ತಳ್ಳಿ ತೋರಿಸಿದಳು. “ಮತ್ತೆ ನಿಮಗೆ ತಿರುವು ಈಗ ಸ್ವಲ್ಪ ತಡವಾಗಿ ಕಾಣ್ತದೆ. ಸ್ಕೂಟರಲ್ಲಿ ಹೋಗುವಾಗಲೂ. ಅಮ್ಮನಿಗೂ ಗೊತ್ತುಂಟು, ಹೇಳ್ಲಿಕ್ಕೆ ಇಬ್ಬರಿಗೂ ಹೆದರಿಕೆ.”

ಆಮೇಲೆ ಕೊಟ್ಟಳು.

ಡೆಡ್ ಝೋನ್ ಹದಿನೈದು, ಸೆನ್ಸಿಟಿವಿಟಿ ನಲವತ್ತು ಎಂದು ಹಾಕಿಕೊಂಡು ಆಡಿದೆ. ಆರು ಕಾರುಗಳಲ್ಲಿ ಆರನೆಯವನಾದೆ. ಸೋಮವಾರ ಬೆಳಿಗ್ಗೆ ಸ್ಕೂಟರಿನ ಕೀಯನ್ನು ಹೆಂಡತಿಗೆ ಕೊಟ್ಟು, ಹಿಂದಿನ ಬ್ರೇಕ್ ಸ್ವಲ್ಪ ಸಡಿಲ ಉಂಟು ಎಂದು ಹೇಳಿ, ಕಣ್ಣಿನ ಡಾಕ್ಟರ ಬಳಿ ಹೋಗಲು ಉಡುಪಿಯ ಬಸ್ಸು ಹತ್ತಿದೆ.