ಖಾಲಿ ಚೌಕದೊಳಗಿನ ಇಸವಿ

ಮೊನ್ನೆ ಕಪಾಟಿನಿಂದ ಹಳೆಯ ಮಫ್ಲರ್ ತೆಗೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಕುಂಬಳೆಯ ಸೆಕೆಗೆ ಮಫ್ಲರ್ ಯಾರಿಗೆ ಬೇಕು? ಬಿಸಾಡಲು ಮನಸ್ಸು ಬಾರದೆ ಇಟ್ಟದ್ದು. ಕೊಟ್ಟವಳು ಸ್ವೆಟರಿನ ಅಕ್ಕ…

ಬೈಲಕುಪ್ಪೆಯ ಟಿಬೆಟಿನವಳು. ವರ್ಷವರ್ಷವೂ ಚಳಿಗಾಲಕ್ಕೆ ಬಂದು ನನ್ನ ಡಿಟಿಪಿ ಅಂಗಡಿಯ ಎದುರು ಟಾರ್ಪಾಲು ಕಟ್ಟಿ ಸ್ವೆಟರು ಮಾರುತ್ತಿದ್ದಳು. ನಮ್ಮಲ್ಲಿ ಚಳಿಗಾಲ ಹೆಸರಿಗೆ ಮಾತ್ರ. ಬಾಣಂತಿ ಇರುವ ಮನೆಯವರು, ಊಟಿಗೆ ಟೂರ್ ಹೊರಟ ಶಾಲೆಮಕ್ಕಳು, ಇವರೇ ಗಿರಾಕಿಗಳು. ಅವಳ ಮೈಸೂರು ಕಡೆಯ ಕನ್ನಡಕ್ಕೆ ನಾನು ನಗುತ್ತಿದ್ದೆ, ನನ್ನ 'ಉಂಟು'ಗೆ ಅವಳು ನಗುತ್ತಿದ್ದಳು.

ಒಂದು ದಿನ ಮುಖ ಬಾಡಿಸಿಕೊಂಡು ಒಳಗೆ ಬಂದಳು. ಟಿಬೆಟಿನಲ್ಲೇ ಉಳಿದಿದ್ದ ಅವಳ ಅಮ್ಮ ತೀರಿಕೊಂಡಿದ್ದಳು. ಚಿಕ್ಕಂದಿನಲ್ಲಿ ಮಾವನ ಬೆನ್ನಿಗೆ ಕಟ್ಟಿಸಿಕೊಂಡು ಬೆಟ್ಟ ದಾಟಿ ಬಂದವಳು, ಮತ್ತೆ ಅಮ್ಮನನ್ನು ನೋಡಿರಲಿಲ್ಲ. ಎಂದಾದರೂ ವಿಚಾರಿಸಲು ಬೇಕಾದೀತೆಂದು ಹೊರಡುವ ಮೊದಲು ಅಮ್ಮ ತನ್ನ ಹೆಸರನ್ನೂ ಹುಟ್ಟಿದ ವರ್ಷವನ್ನೂ ಬಾಯಿಪಾಠ ಮಾಡಿಸಿ ಕಳಿಸಿದ್ದಳಂತೆ. ಈಗ ಬೈಲಕುಪ್ಪೆಯಲ್ಲಿ ಪೂಜೆ. ಯಾವ ಪೂಜೆ ಎಂದು ಲಾಮಾ ನಿಶ್ಚಯಿಸುವುದು ಹುಟ್ಟಿದ ವರ್ಷ ನೋಡಿ. ಅದು ಗೊತ್ತಿದ್ದದ್ದು ಇವಳೊಬ್ಬಳಿಗೇ. ಅಲ್ಲಿದ್ದ ಇವಳ ಮಗ ಹೆಸರು, ಇಸವಿ ಹಾಕಿ ಪೂಜೆಯ ಕಾರ್ಡು ಮಾಡಿಸಲು ಕಾದಿದ್ದ.

"ಫೋನಲ್ಲಿ ಹೇಳಿದ್ರೆ ಆಗಲ್ವಾ?" ಎಂದು ಅವಳ ಧಾಟಿಯಲ್ಲೇ ಕೇಳಿದೆ.

"ನಮ್ಮ ಅಂಕೀಲಿ ನಾನೇ ಬರೆದು ಕಳಿಸ್ಬೇಕು ಅಣ್ಣ. ಅಮ್ಮಂಗೆ ಅಂತ ನಾನ್ ಮಾಡೋದು ಇಷ್ಟೇ."

ನನಗೋ ಸಾಕುಸಾಕಾಗಿತ್ತು. ಮದುವೆ ಸೀಸನ್, ಬೆಳಿಗ್ಗೆಯಿಂದ ಫಾಂಟುಗಳ ಜತೆ ಗುದ್ದಾಟ. ಬರೆದದ್ದನ್ನು ಹಾಗೇ ಇಮೇಲಿನಲ್ಲಿ ಕಳಿಸೋಣವೆಂದರೆ ಸ್ಕ್ಯಾನರ್ ತುಲಾ ತಿಂಗಳ ಹಿಂಗಾರು ಸಿಡಿಲಿಗೆ ಸುಟ್ಟುಹೋಗಿತ್ತು. ಆಗಿನ ನಮ್ಮ ಕನ್ನಡ ಅಂಕಿಗಳೆಂದರೆ ಒಳಗೆ ಇಂಗ್ಲಿಷ್, ಮೇಲೆ ಕನ್ನಡದ ವೇಷ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚುತ್ತಿತ್ತು. ಟಿಬೆಟಿನದ್ದೂ ಹೀಗೇ ಎಂದುಕೊಂಡು ಫಾಂಟಿಗಾಗಿ ಮಧ್ಯಾಹ್ನವೆಲ್ಲ ತಡಕಾಡಿದೆ. ಕೊನೆಗೆ ನೆಟ್‌ನಲ್ಲಿ ಯುನಿಕೋಡಿನ ಕೋಷ್ಟಕ ಸಿಕ್ಕಿತು. ಅಲ್ಲಿ ಅವರ ಪ್ರತಿ ಅಂಕಿಗೂ ತನ್ನದೇ ಸಂಕೇತ. ಅವರ ಒಂದರ ಅಂಕಿ ಬೇಕಾದರೆ ಸೊನ್ನೆ, ಎಫ್, ಎರಡು, ಒಂದು ಎಂದು ಒತ್ತಬೇಕು. ಎರಡಕ್ಕೆ ಕೊನೆಯದು ಎರಡು.

ನಾನು ಹೇಳಿದೆ, ಅವಳು ಒಂದೇ ಬೆರಳಿನಲ್ಲಿ ಒತ್ತಿದಳು. ಪರದೆಯ ಮೇಲೆ ಬಂದದ್ದು ಖಾಲಿ ಚೌಕ. ಮತ್ತೊಂದು ಒತ್ತಿದರೆ ಮತ್ತೊಂದು ಚೌಕ…

"ಇದ್ರಲ್ಲಿ ನಮ್ಮಮ್ಮ ಎಲ್ಲವ್ಳೆ ಅಣ್ಣ?"

"ಒಳಗೆ ಅಂಕಿಯೇ ಉಂಟು ಅಕ್ಕ. ಈ ಕಂಪ್ಯೂಟರಿಗೆ ತೋರಿಸ್ಲಿಕ್ಕೆ ಬರುದಿಲ್ಲ, ಅಷ್ಟೆ. ಅಲ್ಲಿ ಕಾಣ್ತದೆ." ಹೇಳಿದೆನೇ ಹೊರತು ನನಗೂ ಧೈರ್ಯವಿರಲಿಲ್ಲ.

ಅವಳು ಬಹಳ ಹೊತ್ತು ಆ ಚೌಕಗಳನ್ನೇ ನೋಡಿದಳು. ಆಮೇಲೆ ಕಳಿಸು ಎಂದಳು. ಕತ್ತಲಾಗುವಾಗ ಮಗನ ಫೋನ್ ಬಂತು. ಅವನು ಅಲ್ಲಿ ಕಂಡದ್ದನ್ನು ಅವರ ಭಾಷೆಯಲ್ಲಿ ಒಂದೊಂದಾಗಿ ಓದುತ್ತಿದ್ದ, ಇವಳು ಒಂದೊಂದಕ್ಕೂ ತಲೆಯಾಡಿಸುತ್ತಿದ್ದಳು. ಫೋನಿಟ್ಟ ಮೇಲೆ ಅಳಲಿಲ್ಲ, ನನಗೊಂದು ಮಫ್ಲರ್ ಕೊಟ್ಟು ಹೋದಳು. ಅಷ್ಟು ಸಮಾಧಾನ ನನಗೆ ಯಾವ ಕೆಲಸದಲ್ಲೂ ಸಿಕ್ಕಿಲ್ಲ.

ಈ ವರ್ಷ ಟಾರ್ಪಾಲಿನಡಿ ಅವಳ ಮಗ ಕೂತಿದ್ದಾನೆ. ಅಮ್ಮ ಮಳೆಗಾಲದಲ್ಲಿ ತೀರಿಹೋದಳೆಂದ. ಅವಳ ಪೂಜೆಯ ಕಾರ್ಡನ್ನು ಮೊಬೈಲಿನಲ್ಲಿ ತಾನೇ ಮಾಡಿದ್ದನಂತೆ, ತೋರಿಸಿದ. ಅಂಕಿಗಳೆಲ್ಲ ಚಂದವಾಗಿ ಮೂಡಿದ್ದವು. ಓದಿ ಹೇಳು ಮಾರಾಯ ಎಂದೆ.

"ಅಮ್ಮ ಹುಟ್ಟಿದ್ ವರ್ಷ ಅಂದಾಜಿಗೆ ಹಾಕಿದ್ದು ಅಂಕಲ್," ಎಂದ. "ಅದು ಅಜ್ಜಿಗ್ ಮಾತ್ರ ಗೊತ್ತಿತ್ತು."