ಬೇವಿನ ಸೊಪ್ಪಿಗೆ ಕೈಮುಗಿದ ಡಾಕ್ಟರ್

"ಅಮ್ಮ ಬಂದಿರೋ ಎಮ್ಮೆ, ಮುಟ್ಟಬೇಡಿ!" ಎಂದು ನಮ್ಮತ್ತೆ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತರು. ಶಿವಮೊಗ್ಗದಿಂದ ಜನ್ನಾಪುರದ ನಮ್ಮ ಮನೆಗೆ ಬಂದಿದ್ದ ಪಶುವೈದ್ಯೆ ವಾದ ಮಾಡಲಿಲ್ಲ. ಚಪ್ಪಲಿ ಬಿಟ್ಟು, ಬಾಗಿಲಿಗೆ ಸಿಕ್ಕಿಸಿದ್ದ ಬೇವಿನ ಸೊಪ್ಪಿಗೆ ಕೈಮುಗಿದರು.

"ಅಮ್ಮನಿಗೆ ಅಕ್ಕತಂಗೀರು ಬಹಳ ಜನ ಅಜ್ಜಿ, ನೋಡಕ್ಕೆ ಎಲ್ಲಾರೂ ಒಂದೇ ಥರ. ಬಂದಿರೋರು ಯಾರು ಅಂತ ತಿಳ್ಕೊಂಡು ಬರ್ತೀನಿ, ಅಪ್ಪಣೆ ಕೊಡಿ."

ಅತ್ತೆ ದಾರಿ ಬಿಟ್ಟರು.

ಎಮ್ಮೆಯ ಕೆಚ್ಚಲಿನ ಮೇಲಿದ್ದಂಥ ಗುಳ್ಳೆಗಳೇ ಹಾಲು ಕರೆಯುವ ನನ್ನ ಬೆರಳುಗಳಲ್ಲೂ ಎದ್ದಿದ್ದವು. ಸಿಡುಬು ಮತ್ತೆ ಬಂತೆಂದು ಬೀದಿಯವರು ನಮ್ಮ ಮನೆಯತ್ತ ಸುಳಿಯುತ್ತಿರಲಿಲ್ಲ. ಮೊಲೆಹಾಲು ಕುಡಿಯುವ ನನ್ನ ಮಗುವನ್ನೂ ಅತ್ತೆ ನನ್ನ ಕೈಗೆ ಕೊಡುತ್ತಿರಲಿಲ್ಲ. ಅದರ ಅಳು ಕೇಳುತ್ತ ಗೋಡೆಯ ಈಚೆ ಕೂತಿರುತ್ತಿದ್ದೆ.

ಡಾಕ್ಟರ್ ಎಮ್ಮೆಯ ಗುಳ್ಳೆಯಿಂದಲೂ ನನ್ನ ಗುಳ್ಳೆಯಿಂದಲೂ ಒಣಗಿದ ಹಕ್ಕಳೆ ತೆಗೆದು, ಐಸ್ ತುಂಬಿದ ಫ್ಲಾಸ್ಕಿನಲ್ಲಿ ಬೆಂಗಳೂರಿನ ಲ್ಯಾಬಿಗೆ ಕಳಿಸಿದರು. ಹೊರಗಿನಿಂದ ಒಂದೇ ತರಹ ಕಾಣುವ ರೋಗಗಳ ವೈರಾಣುಗಳನ್ನು ಅಲ್ಲಿ ಜೀನ್ ಪರೀಕ್ಷೆ ಮಾಡಿ ಬೇರೆ ಬೇರೆ ಗುರುತಿಸುತ್ತಾರಂತೆ.

ಉತ್ತರ ಬಂದ ದಿನ ಅವರೇ ಬಂದರು. ಆವತ್ತೂ ಚಪ್ಪಲಿ ಬಿಟ್ಟರು. ನನ್ನ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿ, "ಮನುಷ್ಯರ ಸಿಡುಬಲ್ಲ ಅಜ್ಜಿ, ಇದು ಎಮ್ಮೆ ಸಿಡುಬು. ಅಕ್ಕತಂಗೀರಲ್ಲಿ ಸಾಧು. ಗಾಯ ಪೂರ್ತಿ ಮಾಗಿದೆ, ಮಗೂನ ಕೊಡಿ" ಎಂದರು. ಅತ್ತೆ ಒಳಗೆ ಹೋಗಿ ಮಗುವನ್ನು ತಂದು ನನ್ನ ಮಡಿಲಲ್ಲಿ ಹಾಕಿದರು.

ಕೊಟ್ಟಿಗೆಯಲ್ಲಿ ಯಾವ ದನಕ್ಕೆ ಗುಳ್ಳೆ ಎದ್ದರೂ ಅತ್ತೆ ಈಗಲೂ ಮೊದಲು ಬಾಗಿಲಿಗೆ ಬೇವು ಸಿಕ್ಕಿಸುತ್ತಾರೆ. ಆಮೇಲೆ ನನ್ನನ್ನು ಕೂಗುತ್ತಾರೆ: "ಡಾಕ್ಟರಿಗೆ ಫೋನ್ ಮಾಡೇ, ಬಂದಿರೋರು ಯಾರು ಅಂತ ತಿಳ್ಕೊಂಡು ಬರ್ಲಿ."